ಯಾವ ಹೆಲಿಕಾಪ್ಟರ್ ಅದು?

ಚಳಿಗಾಲದ ಒಂದು ಶನಿವಾರ ಬೆಳಗ್ಗೆ ನಾನೂ ನನ್ನ ಗೆಳೆಯನೂ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಹ್ಯಾರಿಯರ್ ಗಿಡುಗಕ್ಕಾಗಿ ಕಾಯುತ್ತ ಕೂತಿದ್ದೆವು. ಇಬ್ಬನಿ ಇನ್ನೂ ಆರಿರಲಿಲ್ಲ. ಕ್ಯಾಮೆರಾ ತೊಡೆಯ ಮೇಲಿತ್ತು. ಬೆನ್ನ ಹಿಂದೆ, ಯಲಹಂಕದ ಕಡೆಯಿಂದ, ದೂರದಲ್ಲೊಂದು ಸದ್ದು ಎದ್ದಿತು. ನಾನು ತಿರುಗಲೂ ಇಲ್ಲ. "ಎಂಐ-17" ಅಂದೆ. ಅವನು ಬೈನಾಕ್ಯುಲರ್ ಎತ್ತಿ ನೋಡಿ "ಹೌದು ಕಣೋ" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಿಂದು ದಶರಥನ ವಿದ್ಯೆ. ಹುಷಾರಾಗಿರು" ಅಂದ. ತಮಾಷೆಗೆ ಅಂದಿದ್ದು. ನಾನೂ ನಕ್ಕೆ. ಆದರೆ ಆ ಮಾತು ಕಾಲಿಗೆ ಹತ್ತಿದ ಉತ್ತರಾಣಿ ಕಡ್ಡಿಯ ಹಾಗೆ ಮನೆವರೆಗೂ ಬಂತು, ಇವತ್ತಿನವರೆಗೂ ಬಿಟ್ಟಿಲ್ಲ.

ಹಕ್ಕಿ ನೋಡುವವನಿಗೆ ಹೆಲಿಕಾಪ್ಟರಿನ ಹುಚ್ಚು ಹೇಗೆ ಹತ್ತಿತು ಅಂತ ನೀವು ಕೇಳಬಹುದು. ಯಲಹಂಕ ಉಪನಗರದಲ್ಲಿ ಮನೆ ಮಾಡಿದವರಿಗೆ ಅದು ಹತ್ತದೇ ಇದ್ದರೇ ಆಶ್ಚರ್ಯ. ಪಕ್ಕದಲ್ಲೇ ವಾಯುಪಡೆಯ ನೆಲೆ. 1996ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿ ಏರೋ ಇಂಡಿಯಾ. ಊರಿನ ಇನ್ನೊಂದು ಮಗ್ಗುಲಲ್ಲಿ ಎಚ್‌ಎಎಲ್. ಚೇತಕ್, ಚೀತಾ, ಧ್ರುವ ಎಲ್ಲ ಹುಟ್ಟಿದ್ದು ಈ ಊರಲ್ಲೇ. 2023ರಿಂದ ತುಮಕೂರಿನ ಗುಬ್ಬಿ ತಾಲೂಕಿನಲ್ಲೂ ಒಂದು ಹೆಲಿಕಾಪ್ಟರ್ ಕಾರ್ಖಾನೆ ಇದೆ. ಹಾಗಾಗಿ ನಮ್ಮ ಕಡೆ ಆಕಾಶ ನೋಡಿ ಕೂತವನಿಗೆ ಗಿಡುಗದ ಜೊತೆ ಇವೂ ಸಿಗುತ್ತವೆ, ಬೇಡ ಅಂದರೂ.

ಶುರುವಿನಲ್ಲಿ ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು, ಹೊಸದಾಗಿ ಹಕ್ಕಿ ನೋಡುವವರಿಗೆ ಎಲ್ಲ ನೆಲಗುಬ್ಬಿಗಳೂ ಒಂದೇ ಆಗಿ ಕಂಡ ಹಾಗೆ. ಆಮೇಲೆ ಕಣ್ಣು ಪಳಗಿತು. ಚೇತಕ್ಕಿಗೆ ಗಾಜಿನ ಮೂತಿ, ಮೂರು ಚಕ್ರ, ಮುಚ್ಚಿದ ಬಾಲ. ಚೀತಾಕ್ಕೆ ಚಕ್ರವಿಲ್ಲ, ಕೆಳಗೆ ಜಾರುಬಂಡಿಯಂಥ ಎರಡು ಕೊಳವೆ. ಬಾಲವಂತೂ ಬರೀ ಕಂಬಿಗಳ ಜಾಲ, ಕರೆಂಟ್ ಟವರನ್ನು ಅಡ್ಡ ಮಲಗಿಸಿದ ಹಾಗೆ. ಧ್ರುವಕ್ಕೆ ನಾಲ್ಕು ರೆಕ್ಕೆ, ಬಾಲದ ಅಡ್ಡಪಟ್ಟಿಯ ಎರಡೂ ತುದಿಗೆ ನೆಟ್ಟಗೆ ನಿಂತ ಹಲಗೆ. ಅದರದೇ ಸಂಬಂಧಿ ಪ್ರಚಂಡ. ಕೃಶ ಮೈ, ಒಬ್ಬರ ಹಿಂದೆ ಒಬ್ಬರು ಕೂರುವ ಇಬ್ಬರು ಪೈಲಟ್‌ಗಳು. ಚಿನೂಕ್ ಗುರುತಿಸೋಕೆ ವಿದ್ಯೆಯೇ ಬೇಡ, ಮುಂದೊಂದು ಹಿಂದೊಂದು ದೊಡ್ಡ ಪಂಕ. ಇನ್ನು ಎಂಐ-8 ಮತ್ತು ಎಂಐ-17 ಇವೆಯಲ್ಲ, ಅವೇ ನಮ್ಮ ಪರೀಕ್ಷೆ. ಎರಡಕ್ಕೂ ಐದು ರೆಕ್ಕೆ, ಎರಡಕ್ಕೂ ಅದೇ ಬಸ್ಸಿನಂಥ ಒಡಲು. ವ್ಯತ್ಯಾಸ ಇರುವುದು ಬಾಲದ ಸಣ್ಣ ಪಂಕದಲ್ಲಿ. ಎಂಐ-8ಕ್ಕೆ ಅದು ಬಲಗಡೆ, ಎಂಐ-17ಕ್ಕೆ ಎಡಗಡೆ.

ಇದು ಗೊತ್ತಾದ ದಿನ ನನಗೆ ಆದ ಖುಷಿ ಸಣ್ಣದಲ್ಲ. 2017ರ ಡಿಸೆಂಬರಿನಲ್ಲಿ ನಮ್ಮ ಯಲಹಂಕದ ನೆಲೆಯಲ್ಲೇ ವಾಯುಪಡೆ ಎಂಐ-8ಕ್ಕೆ ವಿದಾಯ ಹೇಳಿತು. ಅದಾಗಿ ಎಷ್ಟೋ ದಿನದ ಮೇಲೆ ಒಬ್ಬ ಪರಿಚಯದವರು "ಮೊನ್ನೆ ತೆಗೆದ ಎಂಐ-8 ನೋಡಿ" ಅಂತ ಫೋಟೋ ಕಳಿಸಿದರು. ಪಂಕ ಬಲಗಡೆಯೇ ಇತ್ತು. ತಲೆ ಕೆಟ್ಟುಹೋಯಿತು. ಒಂದು ಗಂಟೆ ಆದಮೇಲೆ ಗೊತ್ತಾಯ್ತು, ಒಡಲ ಮೇಲಿನ ಅಂಕಿಗಳು ಉಲ್ಟಾ ಇವೆ. ಪುಣ್ಯಾತ್ಮ ಫೋಟೋವನ್ನು ಕನ್ನಡಿಯ ಬಿಂಬದ ಹಾಗೆ ತಿರುಗಿಸಿಬಿಟ್ಟಿದ್ದ, "ಎಡಕ್ಕೆ ಹೋಗೋ ಹಾಗಿದ್ರೆ ಚೆನ್ನಾಗಿ ಕಾಣುತ್ತೆ" ಅಂತ. ಒಂದು ಬೆರಳ ಸ್ಪರ್ಶಕ್ಕೆ 17 ಹೋಗಿ 8 ಆಗಿತ್ತು.

ಹೆಸರಿನ ವಿಷಯಕ್ಕೆ ಬಂದರೆ ಇದೊಂದು ವಿಚಿತ್ರ ಲೋಕ. ಅಲುಗಾಡದ ನಕ್ಷತ್ರದ ಹೆಸರನ್ನು ಅಡಿಯಿಂದ ಮುಡಿಯವರೆಗೆ ನಡುಗುವ ಯಂತ್ರಕ್ಕೆ ಇಟ್ಟಿದ್ದೇವೆ, ಧ್ರುವ ಅಂತ. ಅಮೆರಿಕದವರು ತಾವು ಯಾವ ಜನರ ನೆಲವನ್ನು ಕಸಿದುಕೊಂಡರೋ ಆ ಜನರ ಹೆಸರುಗಳನ್ನೇ ಇಟ್ಟಿದ್ದಾರೆ, ಅಪಾಚೆ, ಚಿನೂಕ್, ಬ್ಲ್ಯಾಕ್ ಹಾಕ್. ರಷ್ಯಾದ ಹೆಲಿಕಾಪ್ಟರುಗಳಿಗೆ ನೇಟೋ ಕೊಟ್ಟ ಗುಪ್ತನಾಮಗಳೆಲ್ಲ ಇಂಗ್ಲಿಷಿನ 'ಎಚ್' ಅಕ್ಷರದಿಂದ ಶುರುವಾಗುತ್ತವೆ. ಎಂಐ-8, 17 ಎರಡೂ 'ಹಿಪ್'. ಎಂಐ-24 'ಹೈಂಡ್', ಅಂದರೆ ಹೆಣ್ಣು ಜಿಂಕೆ. ಈ ಜಿಂಕೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಕ್ಕಿ ನೋಡುವವರಲ್ಲಿ ಒಂದು ಒಳ್ಳೆಯ ಅಭ್ಯಾಸವಿದೆ. ಮಾಂಟೆಗು ಹ್ಯಾರಿಯರ್ ಮತ್ತು ಪ್ಯಾಲಿಡ್ ಹ್ಯಾರಿಯರ್ ಹೆಣ್ಣುಗಳನ್ನು ದೂರದಿಂದ ಬೇರೆ ಮಾಡುವುದು ಮಹಾ ಕಷ್ಟ; ಮರಿಗಳದ್ದಂತೂ ಇನ್ನೂ ಕಷ್ಟ. ಆಗ ಪಟ್ಟಿಯಲ್ಲಿ "ಯಾವುದೋ ಹ್ಯಾರಿಯರ್" ಅಂತಷ್ಟೇ ಬರೆಯುತ್ತೇವೆ. ಅದರಲ್ಲಿ ಅವಮಾನವೇನೂ ಇಲ್ಲ. ಇಪ್ಪತ್ತು ವರ್ಷ ಹಕ್ಕಿ ನೋಡಿದವರೇ ಹಾಗೆ ಹೆಚ್ಚು ಬರೆಯೋದು. ಹೊಸಬರು ಎಲ್ಲಕ್ಕೂ ಹೆಸರು ಹಚ್ಚುತ್ತಾರೆ. ನಾನು ಈ ಶಿಸ್ತನ್ನು ಹಕ್ಕಿಗೆ ಪಾಲಿಸಿದೆ, ಹೆಲಿಕಾಪ್ಟರಿಗೆ ಪಾಲಿಸಲಿಲ್ಲ. ಈ ಲೇಖನ ಬರೆಯುತ್ತಿರುವುದೇ ಅದಕ್ಕೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಮಧ್ಯಾಹ್ನ ಟಿವಿಯಲ್ಲಿ ಸುದ್ದಿ ಬಂತು, ಈಶಾನ್ಯದಲ್ಲಿ ಸೇನೆಯ ಹೆಲಿಕಾಪ್ಟರ್ ಬಿದ್ದಿದೆ. ಯಾವುದು, ಎಷ್ಟು ಜನ ಅಂತ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಯಾರೋ ಊರಿನವರು ಮೊಬೈಲಿನಲ್ಲಿ ತೆಗೆದ ವೀಡಿಯೊ ಹರಿದಾಡಿತು. ಹೊಗೆ, ಮರಗಳು, ಓಡುವ ಕಾಲುಗಳು. ನಾನದನ್ನು ನಿಲ್ಲಿಸಿ, ಹಿಗ್ಗಿಸಿ, ಮತ್ತೆ ನಿಲ್ಲಿಸಿ ನೋಡಿದೆ. ಒಂದೇ ಕ್ಷಣ, ಹೊಗೆಯ ಸಂದಿಯಲ್ಲಿ ಕಂಬಿಗಳ ಜಾಲದ ಬಾಲ. ಎದೆಯಲ್ಲಿ ಏನೋ ಹೊಡೆದುಕೊಂಡಿತು. ಅದು ದುಃಖ ಅಲ್ಲ, ಸುಳ್ಳು ಯಾಕೆ ಹೇಳಲಿ, ಸಿಕ್ಕಿತು ಅನ್ನೋ ಖುಷಿ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಆ ಚಿತ್ರವನ್ನು ಕತ್ತರಿಸಿ ಹಾಕಿ, ಬಾಲಕ್ಕೆ ಕೆಂಪು ಸುತ್ತು ಬಿಡಿಸಿ ಬರೆದೆ: "ಟಿವಿಯವರಿಗೆ ಇನ್ನೂ ಗೊತ್ತಾಗಿಲ್ಲ. ಇದು ಚೀತಾ."

ಹದಿನೈದು ನಿಮಿಷಕ್ಕೆ ಗೇಟು ಸದ್ದಾಯಿತು. ಎದುರು ಸಾಲಿನ ಆಂಟಿ. ಅವರ ಅಳಿಯ ಸೇನೆಯಲ್ಲಿ ಪೈಲಟ್ ಅನ್ನೋದು ನನಗೆ ಗೊತ್ತಿತ್ತು. ಮದುವೆ ಊಟ ಉಂಡಿದ್ದೆ. ಯಾವ ಕಡೆ ಇದ್ದಾರೆ, ಏನು ಹಾರಿಸ್ತಾರೆ ಅಂತ ಕೇಳಿ ತಿಳಿದುಕೊಂಡವನೂ ನಾನೇ. ಬರೆಯುವಾಗ ಅದ್ಯಾವುದೂ ನೆನಪಾಗಲಿಲ್ಲ. ಆಂಟಿ ಒಳಗೆ ಬರಲಿಲ್ಲ, ಗೇಟಿನ ಚಿಲಕ ಹಿಡಿದುಕೊಂಡೇ ಕೇಳಿದರು: "ನೀವು ಹಾಕಿದ್ದು ಖಂಡಿತಾನಾ?"

ನಾನು ಏನು ಹೇಳಬೇಕಿತ್ತು? ನಿಜ ಹೇಳಬೇಕೆಂದರೆ ಖಂಡಿತ ಇರಲಿಲ್ಲ. ಆ ಕಂಬಿಬಾಲ ಚೀತಲ್ ಅನ್ನೋ ಇನ್ನೊಂದು ಹೆಲಿಕಾಪ್ಟರಿಗೂ ಇದೆ. ಚೀತಾದ ಮೈಗೆ ಬೇರೆ ಎಂಜಿನ್ ಕೂರಿಸಿದ್ದು ಅದು. ಆ ಹೊಗೆಯಲ್ಲಿ ಕಂಡ ಅರ್ಧ ಬಾಲದಿಂದ ಚಿರತೆಯೋ ಚುಕ್ಕಿಜಿಂಕೆಯೋ ಹೇಳೋಕೆ ಯಾರಿಂದಲೂ ಆಗುತ್ತಿರಲಿಲ್ಲ. ಪ್ರಾಮಾಣಿಕವಾಗಿ ಬರೆದಿದ್ದರೆ "ಚೀತಾ ಅಥವಾ ಚೀತಲ್, ಗೊತ್ತಿಲ್ಲ" ಅಂತ ಬರೆಯಬೇಕಿತ್ತು. ಆದರೆ "ಗೊತ್ತಿಲ್ಲ" ಅನ್ನುವುದನ್ನು ಯಾರಾದರೂ ಗುಂಪಿನಲ್ಲಿ ಹಾಕುತ್ತಾರೆಯೇ!

ಮುಂದಿನ ಮೂರು ಗಂಟೆ ಮಗಳ ಫೋನು ಸಿಗಲಿಲ್ಲ, ಅಳಿಯನದೂ ಸಿಗಲಿಲ್ಲ. ನಾನು ಅವರ ಮನೆಯ ಜಗಲಿಯಲ್ಲಿ ಕೂತಿದ್ದೆ. ಅಂಕಲ್ ಕಾಫಿ ಮಾಡಿ ಕೊಟ್ಟರು, ಸಕ್ಕರೆ ಹಾಕುವುದನ್ನು ಮರೆತಿದ್ದರು. ಸಂಜೆ ಫೋನ್ ಬಂತು. ಅಳಿಯ ಆ ದಿನ ಹಾರಿರಲೇ ಇಲ್ಲ. "ಸದ್ಯ, ನಮ್ಮವರಲ್ಲ" ಅಂದೆ ನಾನು, ಜೋರಾಗಿಯೇ. ಆಂಟಿ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅಲ್ಲಿ ಇನ್ಯಾರ ಮನೆಗೋ ಫೋನ್ ಹೋಗಿರತ್ತೆ" ಅಂದರು. ರಾತ್ರಿ ಟಿವಿಯಲ್ಲಿ ಅಧಿಕೃತವಾಗಿ ಬಂತು, ಅದು ಚೀತಾನೇ. ಮರುದಿನ ಹಾಲಿನ ಬೂತಿನ ಹತ್ತಿರ ಸಿಕ್ಕಾಗ ಆಂಟಿ ಹೇಳಿದರು, "ನೀವು ಹೇಳಿದ್ದೇ ಸರಿಯಂತೆ." ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ನನ್ನ ತಪ್ಪು ಏನು ಅಂತ ಆಗಿನಿಂದ ಯೋಚಿಸುತ್ತಿದ್ದೇನೆ. ಸುಳ್ಳು ಹೇಳಿಲ್ಲ. ಹೇಳಿದ್ದು ನಿಜವೇ ಆಯಿತು. ಹಾಗಾದರೆ ತಪ್ಪು ಎಲ್ಲಿದೆ? ಮೊದಲು ನಾನು ಕೊಟ್ಟುಕೊಂಡ ಉತ್ತರ: ಸಮಯ ನೋಡದೆ ಹೇಳಿದ್ದು ತಪ್ಪು. ಅದು ಸರಿಯೇ, ಆದರೆ ಸಾಲದು. ಈ ಉತ್ತರವನ್ನು ನನ್ನ ಗೆಳೆಯನಿಗೆ ಹೇಳಿದಾಗ ಅವನು 1994ರ ಕಥೆ ಓದು ಅಂದ. ಓದಿದೆ.

ಆ ವರ್ಷ ಏಪ್ರಿಲ್ 14ರಂದು ಉತ್ತರ ಇರಾಕಿನ ಹಾರಾಟ ನಿಷೇಧಿತ ವಲಯದಲ್ಲಿ ಅಮೆರಿಕದ ಎರಡು ಎಫ್-15 ಯುದ್ಧವಿಮಾನಗಳು ಗಸ್ತು ತಿರುಗುತ್ತಿದ್ದವು. ಕೆಳಗೆ ಕಣಿವೆಯಲ್ಲಿ ಎರಡು ಹೆಲಿಕಾಪ್ಟರ್ ಕಂಡವು. ಅವು ಅಮೆರಿಕದ್ದೇ ಸೇನೆಯ ಬ್ಲ್ಯಾಕ್ ಹಾಕ್‌ಗಳು. ಒಳಗೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿಯ ಅಧಿಕಾರಿಗಳು, ಕುರ್ದಿಷ್ ಜನ, ಒಟ್ಟು 26 ಮಂದಿ. ನಮ್ಮವರೋ ಅಲ್ಲವೋ ಅಂತ ತಿಳಿಸುವ ಸಂಕೇತ ಸಲಕರಣೆಯನ್ನು ಹೆಲಿಕಾಪ್ಟರಿನವರು ಹಾಕಿಕೊಂಡೇ ಇದ್ದರು, ಆದರೆ ಅವರ ಒಂದು ಸಂಕೇತ ವಲಯದ ಹೊರಗೆ ಬಳಸುವಂಥದ್ದು. ಒಳಗೆ ಬೇರೆ ಸಂಕೇತ ಅಂತ ಅವರಿಗೆ ತಿಳಿಸಿರಲಿಲ್ಲ. ಮೈಮೇಲೆ ಅಮೆರಿಕದ ಧ್ವಜ ಬಳಿದಿತ್ತು. ಆದರೆ ಪಕ್ಕದ ಗಿಡ್ಡ ರೆಕ್ಕೆಗಳಿಗೆ ಹೆಚ್ಚುವರಿ ಇಂಧನದ ಟ್ಯಾಂಕ್ ಕಟ್ಟಿದ್ದರು. ಎಂಐ-24ಕ್ಕೂ ಹಾಗೇ ಗಿಡ್ಡ ರೆಕ್ಕೆಗಳಿವೆ, ಅದರಲ್ಲಿ ಆಯುಧ ತೂಗಾಡುತ್ತದೆ. ಮುಂದಿನ ಪೈಲಟ್ ಪಕ್ಕದಿಂದ ಒಂದು ಸಲ ವೇಗವಾಗಿ ಹಾದುಹೋಗಿ ನೋಡಿದ. ಹೈಂಡ್ ಅಂತ ತೀರ್ಮಾನಿಸಿದ. ಹಿಂದಿನ ಪೈಲಟ್ಟೂ ಹಾದುಹೋಗಿ ನೋಡಿ, ಎರಡು ಕಾಣುತ್ತಿವೆ ಎಂದ. ಮುಂದಿನವ ಅದನ್ನು "ಹೌದು, ಹೈಂಡೇ" ಎಂದು ಕೇಳಿಸಿಕೊಂಡ. ಹಿಂದಿನವ ಹೇಳಿದ್ದು ಕಂಡಿದೆ ಅಂತ ಮಾತ್ರ, ಇಂಥದ್ದೇ ಅಂತ ಅಲ್ಲ. ಎರಡೂ ಉರುಳಿದವು. ಇಪ್ಪತ್ತಾರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಪ್ಪು ಗಿಡುಗವನ್ನು ಹೆಣ್ಣು ಜಿಂಕೆ ಅಂದುಕೊಂಡು ಹೊಡೆದರು.

ಇದನ್ನು ಓದಿದಾಗ ನನಗೆ ಆ ಪೈಲಟ್ ಮೇಲೆ ಸಿಟ್ಟು ಬರಲಿಲ್ಲ. ಅವನನ್ನು ನಾನು ಚೆನ್ನಾಗಿ ಬಲ್ಲೆ ಅನ್ನಿಸಿತು. ಕಂಡದ್ದು ಗಿಡ್ಡ ರೆಕ್ಕೆ, ಮಿಕ್ಕಿದ್ದನ್ನು ಮನಸ್ಸು ತುಂಬಿಕೊಂಡಿತು. ನನಗೂ ಕಂಡದ್ದು ಅರ್ಧ ಬಾಲ, ಮಿಕ್ಕಿದ್ದನ್ನು ನಾನು ತುಂಬಿದೆ. ಹಗ್ಗವನ್ನು ಹಾವು ಅನ್ನೋ ಹಳೇ ವೇದಾಂತದ ಉದಾಹರಣೆ ಇದೆಯಲ್ಲ, ಅದರಲ್ಲಿ ಹೆದರಿದವನು ಓಡಿಹೋಗುತ್ತಾನೆ, ಹಗ್ಗಕ್ಕೇನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಅವನು ತಪ್ಪಾದ, ನಾನು ಸರಿಯಾದೆ. ಆದರೆ ನಾವಿಬ್ಬರೂ ಮಾಡಿದ ಕೆಲಸ ಒಂದೇ. ನಾನು ಸರಿಯಾಗಿದ್ದು ನನ್ನ ಗುಣದಿಂದಲ್ಲ, ಅದೃಷ್ಟದಿಂದ.

ದೂರದ ಇರಾಕ್ ಯಾಕೆ, 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡ್ಗಾಮಿನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ವಿ5 ಅನ್ನು ಹೊಡೆಯಿತು. ವಾಯುಪಡೆಯ ಆರು ಜನ, ನೆಲದ ಮೇಲಿದ್ದ ಒಬ್ಬ ನಾಗರಿಕ. ಅದೇ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥರು ಅದು ದೊಡ್ಡ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡರು. ಒಪ್ಪಿಕೊಂಡಿದ್ದು ದೊಡ್ಡತನ. ನನ್ನ ಕ್ಯಾಮೆರಾದಲ್ಲಿ ಎಂಐ-17ರ ನೂರಾರು ಫೋಟೋ ಇವೆ, ಮೂತಿಯಿಂದ ವಿ5 ಯಾವುದು ಹೇಳಬಲ್ಲೆ. ಅದರೊಳಗೆ ಎಷ್ಟು ಜನ ಇರುತ್ತಾರೆ ಅಂತ ಯೋಚಿಸಿದ್ದು ಆ ಸುದ್ದಿ ಓದಿದ ಮೇಲೆ.

ಈಗ ದಶರಥನಿಗೆ ಬರೋಣ. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಅವನು ಕತ್ತಲಲ್ಲಿ ಆನೆ ಅಂದುಕೊಂಡು ಬಾಣ ಬಿಟ್ಟ, ಶ್ರವಣಕುಮಾರ ಸತ್ತ, ಅಷ್ಟೇ. ಚಿಕ್ಕವನಿದ್ದಾಗ ನನಗೆ ಆ ಶಾಪ ಅನ್ಯಾಯ ಅನ್ನಿಸುತ್ತಿತ್ತು. ಪಾಪ, ಗೊತ್ತಿಲ್ಲದೆ ಮಾಡಿದ್ದಲ್ವಾ? ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಸಾಯುವ ರಾತ್ರಿ ದಶರಥ ಕೌಸಲ್ಯೆಗೆ ಇದನ್ನು ತಾನೇ ಹೇಳಿಕೊಳ್ಳುತ್ತಾನೆ. ಅಲ್ಲಿ ಅವನು ಹೇಳುವ ಮೊದಲ ಮಾತುಗಳಲ್ಲೇ ಇದು ಬರುತ್ತದೆ: ಯೌವನದಲ್ಲಿ ನನಗೆ ಶಬ್ದವೇಧಿ ಅನ್ನುವ ಕೀರ್ತಿ ಇತ್ತು. ಸರಯೂ ತೀರದಲ್ಲಿ ಕೊಡ ತುಂಬುವ ಸದ್ದು ಅವನ ಕಿವಿಗೆ ಆನೆಯಾಗಿ ಬಿದ್ದದ್ದು ಆ ಕೀರ್ತಿ ಇದ್ದ ಕಾರಣಕ್ಕೆ. ಶಬ್ದವೇಧಿಯಲ್ಲದ ಸಾಮಾನ್ಯ ಬೇಟೆಗಾರ ಬೆಳಕಾಗಲಿ ಅಂತ ಕಾಯುತ್ತಿದ್ದ. ಗೆಳೆಯ ಹೆಸರಘಟ್ಟದಲ್ಲಿ ತಮಾಷೆಗೆ ಅಂದದ್ದು ಯಾಕೆ ಅಂಟಿಕೊಂಡಿತು ಅಂತ ಈಗ ಗೊತ್ತಾಗುತ್ತದೆ.

ಹಾಗಂತ ಬಾಯಿ ಮುಚ್ಚಿಕೊಂಡಿರುವುದೇ ಧರ್ಮ ಅಂತ ಹೇಳಿಬಿಡಲೂ ಆಗುವುದಿಲ್ಲ, ಅಲ್ಲೇ ಈ ಪ್ರಶ್ನೆ ತೊಡಕಾಗುವುದು. ಸುಮ್ಮನಿರು ಅನ್ನುವವರು ಬಹಳ ಜನ. 2001ರಲ್ಲಿ ಗ್ರೀಸಿನ ಕಲಮಾಟಾದಲ್ಲಿ ವಿಮಾನಗಳ ನಂಬರು ಬರೆದುಕೊಳ್ಳುತ್ತಿದ್ದ ಹನ್ನೆರಡು ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಹಿಡಿದು ಜೈಲಿಗೆ ಹಾಕಿದರು, ಶಿಕ್ಷೆಯೂ ಆಯಿತು, ಮರುವರ್ಷ ಮೇಲ್ಮನವಿಯಲ್ಲಿ ಬಿಡುಗಡೆಯಾದರು. ನಮ್ಮಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜೀವಂತ. ನನ್ನನ್ನೂ ಒಮ್ಮೆ ರಸ್ತೆ ಬದಿಯಲ್ಲಿ ನಿಲ್ಲಿಸಿ "ಏನ್ರೀ ಅದು ಲೆನ್ಸು, ಏನು ತೆಗೀತಾ ಇದೀರ?" ಅಂತ ವಿಚಾರಿಸಿದ್ದಾರೆ. ಕ್ಯಾಮೆರಾ ತೋರಿಸಿದೆ, ಪುಣ್ಯಕ್ಕೆ ಬರೀ ನೆಲಗುಬ್ಬಿ ಇತ್ತು. ನನಗೆ ಅವರ ಮೇಲೆ ಬೇಸರವಿಲ್ಲ. 2008ರ ನವೆಂಬರಿನಲ್ಲಿ ಮುಂಬೈಯ ನಾರಿಮನ್ ಹೌಸ್ ಚಾವಣಿಗೆ ಕಮಾಂಡೊಗಳು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿಯುವುದನ್ನು ಇಡೀ ದೇಶ ನೇರಪ್ರಸಾರದಲ್ಲಿ ನೋಡಿದೆ, ನಾನೂ ನೋಡಿದೆ, ಕಣ್ಣು ಮಿಟುಕಿಸದೆ. ಅದೇ ದಾಳಿಯಲ್ಲಿ ತಾಜ್‌ನಲ್ಲಿ ಪ್ರಾಣ ಕೊಟ್ಟ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆಯಲ್ಲೇ ನಾನು ಓಡಾಡುವುದು. ಆ ನೇರಪ್ರಸಾರವನ್ನು ಸುಪ್ರೀಂ ಕೋರ್ಟು ಆಮೇಲೆ ಕಟುವಾಗಿ ಟೀಕಿಸಿತು. ನೋಡುವುದು ನಿರಪರಾಧಿ ಕೆಲಸ ಅಂತ ಇನ್ನು ನಾನು ವಾದಿಸಲಾರೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಚೀತಾ ಅನ್ನುವುದು ಫ್ರಾನ್ಸಿನ ಲಾಮಾ ಹೆಲಿಕಾಪ್ಟರು, ನಮ್ಮಲ್ಲಿ ಕಟ್ಟಿದ್ದು. ಆ ಲಾಮಾ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿತ್ತು. ಸಿಯಾಚಿನ್‌ನಂಥ ಎತ್ತರದಲ್ಲಿ ಗಾಯಾಳುಗಳನ್ನು ಇಳಿಸಿ ತಂದಿರುವುದು ಇದೇ ಕಂಬಿಬಾಲದ ಪುಟ್ಟ ಯಂತ್ರ. ಅದೂ ಒಂದೇ ಎಂಜಿನ್ನಿನದ್ದು, ಅರ್ಧ ಶತಮಾನದಷ್ಟು ಹಳೆಯ ವಿನ್ಯಾಸದ್ದು. 2015ರಲ್ಲಿ ಸೇನಾಧಿಕಾರಿಗಳ ಪತ್ನಿಯರ ಒಂದು ಗುಂಪು ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಅವರನ್ನು ಕಂಡು, ಈ ಹಳೆಯ ಚೀತಾ, ಚೇತಕ್‌ಗಳನ್ನು ಇನ್ನಾದರೂ ನಿಲ್ಲಿಸಿ ಅಂತ ಕೇಳಿಕೊಂಡರು. ಅವರು "ಹೆಲಿಕಾಪ್ಟರ್ ಬಿತ್ತು" ಅಂತ ಸುಮ್ಮನಾಗಿದ್ದರೆ ಆ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಯಾವುದು ಬಿತ್ತು ಅಂತ ಹೆಸರು ಹಿಡಿದು ಕೇಳಿದ್ದಕ್ಕೆ ಅದೊಂದು ಪ್ರಶ್ನೆಯಾಯಿತು. ಅಂದರೆ ಹೆಸರು ಬೇಕು. ಆ ಹೆಂಗಸರು ಉಚ್ಚರಿಸಿದ "ಚೀತಾ"ಕ್ಕೂ ನಾನು ಕೆಂಪು ಸುತ್ತು ಹಾಕಿ ಬರೆದ "ಚೀತಾ"ಕ್ಕೂ ಅಕ್ಷರದಲ್ಲಿ ವ್ಯತ್ಯಾಸವಿಲ್ಲ. ಅವರು ಒಳಗಿರುವವರಿಗಾಗಿ ಹೆಸರು ಹೇಳಿದರು, ನಾನು ನನಗಾಗಿ ಹೇಳಿದೆ. ಇಷ್ಟು ಸುಲಭವಾಗಿ ಬೇರೆ ಮಾಡಬಹುದೇ ಅಂತ ಗೆಳೆಯ ಕೇಳುತ್ತಾನೆ. ಅವನ ಪ್ರಕಾರ ನನ್ನಂಥ ಹುಚ್ಚರು ಹತ್ತು ವರ್ಷ ಸುಮ್ಮನೆ ಪಟ್ಟಿ ಮಾಡಿಟ್ಟಿದ್ದರಿಂದಲೇ ಎಷ್ಟೋ ಸಂಗತಿ ಹೊರಗೆ ಬಂದಿರುತ್ತವೆ. ಉದ್ದೇಶ ಏನೇ ಇರಲಿ, ತಿಳಿವಳಿಕೆ ಯಾವತ್ತೋ ಯಾರಿಗೋ ಉಪಯೋಗಕ್ಕೆ ಬರುತ್ತದೆ. ಇರಬಹುದು. ನಾನು ಪೂರ್ತಿ ಒಪ್ಪಿಲ್ಲ, ಅವನೂ ಬಿಟ್ಟಿಲ್ಲ. ಹೆಸರಘಟ್ಟಕ್ಕೆ ಹೋಗುವ ದಾರಿಯಲ್ಲಿ ಈ ಜಗಳ ತಿಂಗಳಿಗೊಮ್ಮೆಯಾದರೂ ನಡೆಯುತ್ತದೆ.

ಫೋಟೋ ತೆಗೆಯುವುದನ್ನು ನಾನು ನಿಲ್ಲಿಸಿಲ್ಲ. ನಿಲ್ಲಿಸಿದೆ ಅಂದರೆ ಚೆನ್ನಾಗಿ ಕೇಳಿಸುತ್ತಿತ್ತು, ಆದರೆ ಸುಳ್ಳಾಗುತ್ತಿತ್ತು. ಏರೋ ಇಂಡಿಯಾದಲ್ಲಿ ಸಾರಂಗ್ ತಂಡದ ಧ್ರುವಗಳು ನವಿಲಿನ ಬಣ್ಣ ಬಳಿದುಕೊಂಡು ಎದುರುಬದುರು ನುಗ್ಗಿ ಬಂದಾಗ ನನ್ನ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಗುತ್ತದೆ. ಹಾರುವ ಹಕ್ಕಿಗೆ ಸೆಕೆಂಡಿನ 2000ನೇ ಒಂದು ಭಾಗದಷ್ಟು ವೇಗ ಇಡುತ್ತೇವೆ. ಹೆಲಿಕಾಪ್ಟರಿಗೆ ಅದೇ ವೇಗ ಇಟ್ಟರೆ ಪಂಕ ಕಡ್ಡಿಯ ಹಾಗೆ ನಿಂತುಬಿಡುತ್ತದೆ, ಇನ್ನೇನು ಕೆಳಗೆ ಬೀಳುವ ಆಟಿಕೆಯಂತೆ ಕಾಣುತ್ತದೆ. 125ಕ್ಕೋ 250ಕ್ಕೋ ಇಳಿಸಬೇಕು, ಆಗ ರೆಕ್ಕೆ ಮಸುಕಾಗಿ, ತಿರುಗುತ್ತಿರುವುದು ಗೊತ್ತಾಗುತ್ತದೆ. ಹಾಗೆ ಇಳಿಸಿದರೆ ಕೈ ಅಲುಗಿ ಹತ್ತರಲ್ಲಿ ಎಂಟು ಫೋಟೋ ಹಾಳು. ಹಾಳಾಗಲಿ ಬಿಡಿ.

ಆ ಬಡಾವಣೆಯ ಗುಂಪಿನಲ್ಲಿ ಮಾತ್ರ ಆಮೇಲೆ ಏನೂ ಹಾಕಿಲ್ಲ. ಆಂಟಿ ಈಗ ಹೆಲಿಕಾಪ್ಟರ್ ಸದ್ದಾದರೆ ಬಾಲ್ಕನಿಗೆ ಬಂದು ನಮ್ಮ ಮನೆ ಕಡೆ ನೋಡುತ್ತಾರೆ. ಮೊದಲು ಹಾಗೆ ಬರುತ್ತಿರಲಿಲ್ಲ. ಮೊನ್ನೆ ಸಂಜೆ ನಾನು ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ, ಮೋಡದ ಮೇಲೆ ಎಲ್ಲೋ ಒಂದು ಹೋಯಿತು.

"ಯಾವುದಪ್ಪಾ ಅದು?" ಅಂದರು.

ಕಿವಿಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು.

"ಕಾಣಿಸ್ಲಿಲ್ಲ ಆಂಟಿ" ಅಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಮೇಲೆ ನೋಡುತ್ತ ನಿಂತಿದ್ದರು.